ಸಂತಾನಪ್ರಶ್ನೆಯಲ್ಲಿ ಗ್ರಹದೃಷ್ಟಿ: ಪಾಠ ಮತ್ತು ಅರ್ಥಗಳ ವಿಮರ್ಶೆ

ಪ್ರಶ್ನಶಾಸ್ತ್ರದ ಹಸ್ತಪ್ರತಿಗಳು ನಮ್ಮ ಬಸದಿ, ಮಠ ಹಾಗೂ ಶ್ರಾವಕರ ಮನೆಗಳ ಓಲೆಗಟ್ಟುಗಳಲ್ಲಿ ವಿರಳವಲ್ಲ. ಆದರೆ ಆಗಮ, ಪುರಾಣ, ಕಾವ್ಯಗಳಿಗೆ ಸಂದ ಗಮನದ ನೂರರಲ್ಲೊಂದು ಪಾಲೂ ಇವುಗಳಿಗೆ ಸಂದಿಲ್ಲ. ಇದಕ್ಕೆ ಕಾರಣ ಸ್ಪಷ್ಟ. ಫಲಜ್ಯೋತಿಷದಲ್ಲಿ ನಂಬಿಕೆಯಿಲ್ಲದ ವಿದ್ವಾಂಸರು ಇವನ್ನು ಉಪೇಕ್ಷಿಸುತ್ತಾರೆ. ನಂಬಿಕೆಯುಳ್ಳವರು ಪಾಠಶುದ್ಧಿಗಿಂತ ಫಲಕ್ಕೆ ಹೆಚ್ಚು ಬೆಲೆ ಕೊಡುತ್ತಾರೆ. ಹೀಗೆ ಇಬ್ಬರಿಂದಲೂ ಗ್ರಂಥಕ್ಕೆ ನ್ಯಾಯ ದೊರೆಯದೆ ಹೋಗಿದೆ. ಪ್ರಕೃತ ಲೇಖನದಲ್ಲಿ ಈ ಶಾಸ್ತ್ರದ ಸತ್ಯಾಸತ್ಯತೆಯ ಚರ್ಚೆಗೆ ಇಳಿಯುವುದಿಲ್ಲ. ದಂಪತಿಗಳಿಗೆ ಮಕ್ಕಳಾಗದಿರುವುದಕ್ಕೆ ಕಾರಣ ಪುರುಷನಲ್ಲಿಯೂ ಇರಬಹುದು, ಸ್ತ್ರೀಯಲ್ಲಿಯೂ ಇರಬಹುದು, ಇಬ್ಬರಲ್ಲಿಯೂ ಇರಬಹುದು ಎಂಬುದನ್ನು ವೈದ್ಯಶಾಸ್ತ್ರವು ನಿರ್ವಿವಾದವಾಗಿ ತೋರಿಸಿದೆ. ಅದರ ನಿರ್ಣಯಕ್ಕೆ ವೈದ್ಯರಲ್ಲಿಗೇ ಹೋಗಬೇಕು. ನಮ್ಮ ಮುಂದಿರುವ ಪ್ರಶ್ನೆ ಬೇರೆ. ಸಂತಾನಪ್ರಶ್ನೆಯ ಪ್ರಕರಣದಲ್ಲಿ 'ದೃಷ್ಟಿ' ಎಂಬ ಮಾತು ಬಂದಾಗ ಗ್ರಂಥವು ನಿಜವಾಗಿ ಏನನ್ನು ಹೇಳುತ್ತದೆ, ನಾವು ಏನನ್ನು ಓದಿಕೊಳ್ಳುತ್ತೇವೆ ಎಂಬುದೇ ಇಲ್ಲಿಯ ವಿಚಾರ. ಈ ಎರಡರ ನಡುವಣ ಅಂತರವು ಕೇವಲ ಪಂಡಿತರ ವಿನೋದಕ್ಕೆ ಸೇರಿದ್ದಲ್ಲ. ಇಂಥ ಗ್ರಂಥಗಳ ಒಂದು ವಾಕ್ಯವನ್ನು ಆಧರಿಸಿ ಹೆಣ್ಣೊಬ್ಬಳನ್ನು ಬಂಜೆಯೆಂದು ಕರೆದ, ಅವಳ ಮೇಲೆ ಸವತಿಯನ್ನು ತಂದ ಸಂದರ್ಭಗಳು ನಮ್ಮ ಸಮಾಜಕ್ಕೆ ಅಪರಿಚಿತವಲ್ಲ.

೧. ಗ್ರಂಥಪರಂಪರೆ

ಜೈನರ ಪ್ರಶ್ನಸಾಹಿತ್ಯದಲ್ಲಿ ಎರಡು ಕವಲುಗಳನ್ನು ಮೊದಲು ಬೇರ್ಪಡಿಸಿಕೊಳ್ಳಬೇಕು. ಒಂದು ಅಕ್ಷರಮೂಲವಾದುದು. ಸಮಂತಭದ್ರರ ಹೆಸರಿನಲ್ಲಿರುವ 'ಕೇವಲಜ್ಞಾನಪ್ರಶ್ನಚೂಡಾಮಣಿ' ಇದಕ್ಕೆ ನಿದರ್ಶನ. ಪಂಡಿತ ನೇಮಿಚಂದ್ರ ಶಾಸ್ತ್ರಿಗಳಿಂದ ಸಂಪಾದಿತವಾಗಿ ಭಾರತೀಯ ಜ್ಞಾನಪೀಠದಿಂದ ೧೯೫೦ರಲ್ಲಿ ಪ್ರಕಟವಾದ ಈ ಗ್ರಂಥದಲ್ಲಿ, ಪೃಚ್ಛಕನ ಬಾಯಿಂದ ಹೊರಟ ಅಕ್ಷರಗಳನ್ನೇ ಸಂಯುಕ್ತ, ಅಸಂಯುಕ್ತ, ಅಭಿಹಿತ, ಅನಭಿಹಿತ, ಅಭಿಘಾತಿತ, ಆಲಿಂಗಿತ, ಅಭಿಧೂಮಿತ, ದಗ್ಧ ಎಂದು ವಿಂಗಡಿಸಿ ಫಲ ಹೇಳಲಾಗುತ್ತದೆ. ಇಲ್ಲಿ ಲಗ್ನವನ್ನು ಕಟ್ಟಿ ಗ್ರಹದೃಷ್ಟಿಯನ್ನು ಎಣಿಸುವ ಕ್ರಮ ಮುಖ್ಯವಲ್ಲ.

ಎರಡನೆಯದು ಲಗ್ನಮೂಲವಾದುದು. ಪದ್ಮಪ್ರಭಸೂರಿಯ 'ಭುವನದೀಪಕ'ವು ಈ ಕವಲಿನ ಪ್ರಸಿದ್ಧ ಕೃತಿ. ಗಾತ್ರದಲ್ಲಿ ಕಿರಿದಾದರೂ ಮೂವತ್ತಾರು ದ್ವಾರಗಳಲ್ಲಿ ವಿಷಯವನ್ನು ಅಡಕಮಾಡಿರುವ ಇದರಲ್ಲಿ ಗರ್ಭದ ಕ್ಷೇಮ, ಪ್ರಸವ, ಅವಳಿ ಮಕ್ಕಳು, ಗರ್ಭಕ್ಕೆ ಸಂದ ತಿಂಗಳುಗಳು ಮುಂತಾದವು ಪ್ರತ್ಯೇಕ ದ್ವಾರಗಳಾಗಿವೆ. ವಿಕ್ರಮ ಸಂವತ್ ೧೩೨೬ರಲ್ಲಿ ಸಿಂಹತಿಲಕಸೂರಿ ಇದಕ್ಕೆ ವೃತ್ತಿಯನ್ನು ಬರೆದನೆಂಬುದರಿಂದ, ಈ ಗ್ರಂಥಕ್ಕೆ ಬಹುಬೇಗ ಮನ್ನಣೆ ದೊರೆತಿತ್ತೆಂದು ತಿಳಿಯುತ್ತದೆ. ಇದಕ್ಕೆ ಹಿನ್ನೆಲೆಯಾಗಿ ವರಾಹಮಿಹಿರನ ಹೋರಾಪರಂಪರೆಯೂ ಅವನ ಮಗ ಪೃಥುಯಶಸ್ಸಿನ 'ಷಟ್ಪಂಚಾಶಿಕೆ'ಯೂ ಇವೆ. ಕನ್ನಡದ ಮಟ್ಟಿಗೆ ೧೦೪೯ರಲ್ಲಿ ಶ್ರೀಧರಾಚಾರ್ಯನು ರಚಿಸಿದ 'ಜಾತಕತಿಲಕ'ವೇ ನಮಗೆ ದೊರೆತಿರುವ ಮೊದಲ ಜ್ಯೋತಿಷಗ್ರಂಥ. ಅದು ಜಾತಕಗ್ರಂಥವೇ ಹೊರತು ಪ್ರಶ್ನಗ್ರಂಥವಲ್ಲವಾದರೂ, ಶಾಸ್ತ್ರದ ಮಾತುಗಳು ಕನ್ನಡದಲ್ಲಿ ಎಷ್ಟು ಮುಂಚೆಯೇ ನೆಲೆಗೊಂಡಿದ್ದವು ಎಂಬುದಕ್ಕೆ ಸಾಕ್ಷಿಯಾಗಿದೆ.

ಹಲವು ಕೃತಿಗಳನ್ನು ಒಂದೇ ಕಟ್ಟಿನಲ್ಲಿ ಸೇರಿಸಿದ ಸಂಪುಟಪ್ರತಿಗಳಲ್ಲಿ ಈ ಎರಡು ಕವಲುಗಳ ಮಾತುಗಳು ಒಂದರ ಪಕ್ಕದಲ್ಲಿ ಒಂದು ಬರುವುದುಂಟು. 'ದಗ್ಧ'ವೆಂಬ ಮಾತು ಅಕ್ಷರಕ್ಕೆ ಸಂಬಂಧಿಸಿದ್ದೋ ಗ್ರಹಕ್ಕೆ ಅಥವಾ ರಾಶಿಗೆ ಸಂಬಂಧಿಸಿದ್ದೋ ಎಂಬುದನ್ನು ನಿರ್ಧರಿಸದೆ ಮುಂದುವರಿದರೆ ಅರ್ಥವು ಆರಂಭದಲ್ಲಿಯೇ ದಾರಿ ತಪ್ಪುತ್ತದೆ.

೨. ನುಂಗಿಹೋದ ಅಕಾರ

ಲಗ್ನಮೂಲದ ಗ್ರಂಥಗಳಲ್ಲಿ ಸಂತಾನದ ವಿಚಾರವು ಪಂಚಮಭಾವವನ್ನು ಆಶ್ರಯಿಸಿದೆ. ಷಟ್ಪಂಚಾಶಿಕೆಯ ಮೂಲಸೂತ್ರದ ತಾತ್ಪರ್ಯವಿಷ್ಟು: ಯಾವ ಭಾವವು ತನ್ನ ಅಧಿಪತಿಯಿಂದಾಗಲಿ ಶುಭಗ್ರಹಗಳಿಂದಾಗಲಿ ಕೂಡಿದೆಯೋ ಅಥವಾ ನೋಡಲ್ಪಟ್ಟಿದೆಯೋ ಅದಕ್ಕೆ ವೃದ್ಧಿ, ಪಾಪಗ್ರಹಗಳಿಂದಾದರೆ ಹಾನಿ. ಮುಂದಿನ ಗ್ರಂಥಕಾರರೆಲ್ಲ ಈ ಸೂತ್ರವನ್ನೇ ಬಗೆಬಗೆಯಾಗಿ ವಿಸ್ತರಿಸಿದ್ದಾರೆ. ಹೀಗಾಗಿ ಪಂಚಮವನ್ನು ನೋಡುವವರು ಶುಭರೋ ಅಶುಭರೋ ಎಂಬುದರ ಮೇಲೆ ಉತ್ತರವೆಲ್ಲ ನಿಂತಿದೆ. ದುರದೃಷ್ಟವಶಾತ್ ತಾಳೆಯೋಲೆಯ ಬರವಣಿಗೆಯಲ್ಲಿ ಅತ್ಯಂತ ಸುಲಭವಾಗಿ ಮರೆಯಾಗುವ ಭೇದವೂ ಇದೇ ಆಗಿದೆ.

ಉದಾಹರಣೆಗಾಗಿ ನಾವೇ ಕಟ್ಟಿಕೊಂಡ ಒಂದು ಪದಗುಚ್ಛವನ್ನು ನೋಡೋಣ. 'ದೃಷ್ಟೇ ಶುಭೈಃ' ಎಂದರೆ ಶುಭರಿಂದ ನೋಡಲ್ಪಟ್ಟಾಗ ಎಂದರ್ಥ. 'ದೃಷ್ಟೇ' ಮತ್ತು 'ಅಶುಭೈಃ' ಎಂಬ ಎರಡು ಪದಗಳು ಸೇರಿದರೆ ಪೂರ್ವರೂಪಸಂಧಿಯಿಂದ 'ದೃಷ್ಟೇಽಶುಭೈಃ' ಎಂದಾಗುತ್ತದೆ. ಅಶುಭರಿಂದ ನೋಡಲ್ಪಟ್ಟಾಗ ಎಂದು ಅರ್ಥ ತಿರುಗುತ್ತದೆ. ಅಚ್ಚಿನಲ್ಲಿ ಇವೆರಡನ್ನು ಬೇರ್ಪಡಿಸುವುದು ಅವಗ್ರಹಚಿಹ್ನೆಯೊಂದೇ. ಕನ್ನಡ ಲಿಪಿಯ ಓಲೆಗಳಲ್ಲಿ ಲಿಪಿಕಾರರು ಸಾಮಾನ್ಯವಾಗಿ ಅವಗ್ರಹವನ್ನು ಬರೆಯುವುದಿಲ್ಲ, ಪದಗಳ ನಡುವೆ ಎಡೆಯನ್ನೂ ಬಿಡುವುದಿಲ್ಲ. ಆದ್ದರಿಂದ ಓಲೆಯ ಮೇಲೆ ಎರಡೂ ಒಂದೇ. ಛಂದಸ್ಸಿನ ನೆರವೂ ಇಲ್ಲ. ಅಕ್ಷರಸಂಖ್ಯೆಯಾಗಲಿ ಗುರುಲಘುಗಳಾಗಲಿ ಬದಲಾಗುವುದಿಲ್ಲ. ಮಗುವಾಗುತ್ತದೆ ಎಂಬುದಕ್ಕೂ ಆಗುವುದಿಲ್ಲ ಎಂಬುದಕ್ಕೂ ನಡುವೆ ಬರೆಯದೆ ಬಿಟ್ಟ ಒಂದು ಅಕಾರ ಮಾತ್ರ ನಿಂತಿರುತ್ತದೆ.

ಇಂಥ ಸ್ಥಳಗಳಲ್ಲಿ ಸಂಪಾದಕನು ತನಗೆ ತೋಚಿದಂತೆ ಅವಗ್ರಹವನ್ನು ಸೇರಿಸುವುದೂ ಬಿಡುವುದೂ ಸಲ್ಲದು. ನಿರ್ಣಯಕ್ಕೆ ಕೆಲವು ಆಧಾರಗಳಿವೆ.

ಮೊದಲನೆಯದು ವ್ಯಾಕರಣ. ಓಕಾರಾಂತ ಪದದ ಮುಂದೆ ಸಂದೇಹಕ್ಕೆ ಎಡೆಯಿಲ್ಲ. 'ಯುಕ್ತಃ' ಎಂಬುದು 'ಶುಭೈಃ' ಎಂಬುದರ ಮುಂದೆ 'ಯುಕ್ತಃ ಶುಭೈಃ' ಅಥವಾ 'ಯುಕ್ತಶ್ಶುಭೈಃ' ಎಂದು ಉಳಿಯುತ್ತದೆ. ಶಕಾರವು ಕರ್ಕಶವ್ಯಂಜನವಾದುದರಿಂದ ವಿಸರ್ಗವು ಅಲ್ಲಿ ಓಕಾರವಾಗಲಾರದು. ಆದಕಾರಣ ಓಲೆಯಲ್ಲಿ 'ಯುಕ್ತೋಶುಭೈಃ' ಎಂದಿದ್ದರೆ ಅದು 'ಯುಕ್ತೋಽಶುಭೈಃ' ಎಂದೇ ಆಗಬೇಕು. 'ಗರ್ಭೋಕ್ಷತಃ' ಎಂದಿದ್ದರೆ ಗರ್ಭವು ಅಕ್ಷತ, ಕ್ಷೇಮವಾಗಿದೆ. ಗರ್ಭಕ್ಕೆ ಕ್ಷತಿಯೆಂದು ಹೇಳಬೇಕಾಗಿದ್ದರೆ 'ಗರ್ಭಃ ಕ್ಷತಃ' ಎಂದಿರುತ್ತಿತ್ತು. ಸಂದೇಹವು ಉಳಿಯುವುದು ಏಕಾರಾಂತದಲ್ಲಿ ಮಾತ್ರ. ಸತಿಸಪ್ತಮಿಯ ಪ್ರಯೋಗವೇ ಪ್ರಚುರವಾಗಿರುವ ಪ್ರಶ್ನಗ್ರಂಥಗಳಲ್ಲಿ ಏಕಾರಾಂತಗಳೇ ಅಧಿಕವೆಂಬುದನ್ನು ನೆನೆದರೆ ಸಮಸ್ಯೆಯ ವ್ಯಾಪ್ತಿ ಮನವರಿಕೆಯಾಗುತ್ತದೆ.

ಎರಡನೆಯದು ಪ್ರಕರಣದ ಸಮತೆ. ಶ್ಲೋಕದ ಒಂದು ಅರ್ಧದಲ್ಲಿ ಸಿದ್ಧಿಯನ್ನೂ ಇನ್ನೊಂದು ಅರ್ಧದಲ್ಲಿ ಅಸಿದ್ಧಿಯನ್ನೂ ಹೇಳುವುದು ಈ ಶಾಸ್ತ್ರದ ವಾಡಿಕೆ. ಒಂದು ಪಾದದ ಅರ್ಥ ಖಚಿತವಾದರೆ ಇನ್ನೊಂದನ್ನು ಅದರಿಂದ ಹಿಡಿಯಬಹುದು.

ಮೂರನೆಯದು, ನಮ್ಮ ದೃಷ್ಟಿಯಲ್ಲಿ ಅತ್ಯಂತ ಬೆಲೆಯುಳ್ಳದ್ದು, ಕನ್ನಡ ಟೀಕೆ. ಸಂಸ್ಕೃತ ಮೂಲದ ಕೆಳಗೆ ಕನ್ನಡದಲ್ಲಿ ಅರ್ಥ ಬರೆದಿರುವ ಪ್ರತಿಗಳಲ್ಲಿ ಈ ಸಂದೇಹ ತಾನಾಗಿ ಕರಗುತ್ತದೆ. ಟೀಕಾಕಾರನು 'ಪಾಪಗ್ರಹಂಗಳ್ ನೋಡೆ' ಎಂದು ಬರೆದಿದ್ದರೆ ಮಾತು ಮುಗಿಯಿತು. 'ಅಶುಭ' ಶಬ್ದವನ್ನೇ ಬಳಸಿದ್ದರೂ ಕನ್ನಡದ ಸಂಧಿಯು ಅಕಾರವನ್ನು ನುಂಗುವುದಿಲ್ಲ. 'ನೋಡೆ' ಎಂಬುದರ ಮುಂದೆ ಅದು ಯಕಾರಾಗಮವನ್ನು ಪಡೆದು 'ನೋಡೆಯಶುಭ' ಎಂದು ಉಳಿಯುತ್ತದೆ. ಮೂಲದ ಲಿಪಿ ಮುಚ್ಚಿಟ್ಟುದನ್ನು ದೇಶಭಾಷೆಯ ಟೀಕೆ ಬಿಚ್ಚಿಡುತ್ತದೆ. ಸಂಸ್ಕೃತ ಪಾಠವನ್ನು ಪ್ರಕಟಿಸುವಾಗ ಕನ್ನಡ ಟೀಕೆಯನ್ನು 'ಪಾಮರರಿಗಾಗಿ ಬರೆದದ್ದು' ಎಂದು ಕೈಬಿಡುವವರು ತಮ್ಮ ಕೈಯಲ್ಲಿರುವ ಮುಖ್ಯ ಸಾಕ್ಷಿಯನ್ನೇ ಬಿಸುಟಂತಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆಯೂ ಅವಶ್ಯ. ಅಶುಭದೃಷ್ಟಿಯಿಂದ ಸಿದ್ಧಿಯನ್ನು ಹೇಳಿದಂತೆ ಕಂಡ ಕೂಡಲೆ ಪಾಠವು ಅಶುದ್ಧವೆಂದು ಭಾವಿಸಬಾರದು. ಪೃಥುಯಶಸ್ಸಿನ ಸೂತ್ರದಲ್ಲಿ ಭಾವಾಧಿಪತಿಯ ದೃಷ್ಟಿಯನ್ನು ಬೇರೆಯಾಗಿ ಎಣಿಸಲಾಗಿದೆ. ಮೇಷಲಗ್ನಕ್ಕೆ ಪಂಚಮವಾದ ಸಿಂಹವನ್ನು ಕುಂಭದಲ್ಲಿರುವ ರವಿ ಪೂರ್ಣವಾಗಿ ನೋಡಿದರೆ, ರವಿ ಕ್ರೂರಗ್ರಹನೇ ಆದರೂ ಅದು ಸ್ವಾಮಿದೃಷ್ಟಿ. ಅಂಥ ಸ್ಥಳದಲ್ಲಿ ಪಾಠವನ್ನು ತಿದ್ದುವುದೆಂದರೆ ಶಾಸ್ತ್ರವನ್ನೇ ತಿದ್ದಿದಂತೆ.

೩. ಯಾವ ದೃಷ್ಟಿ?

ಪಾಠವು ನಿಶ್ಚಿತವಾದ ಬಳಿಕವೂ ಅರ್ಥವು ನಿಶ್ಚಿತವಾಗುವುದಿಲ್ಲ. 'ದೃಷ್ಟಿ' ಎಂಬ ಒಂದೇ ಹೆಸರಿನಲ್ಲಿ ಎರಡು ಭಿನ್ನ ಪದ್ಧತಿಗಳು ನಮ್ಮ ಗ್ರಂಥಗಳಲ್ಲಿ ನಡೆದುಬಂದಿವೆ.

ಬೃಹಜ್ಜಾತಕದ ಪದ್ಧತಿಯಲ್ಲಿ ದೃಷ್ಟಿಯು ರಾಶಿಯಿಂದ ರಾಶಿಗೆ. ಎಲ್ಲ ಗ್ರಹಗಳೂ ತಾವಿರುವ ರಾಶಿಯಿಂದ ೩, ೧೦ನೆಯ ಸ್ಥಾನಗಳನ್ನು ಕಾಲುಭಾಗ, ೫, ೯ನ್ನು ಅರ್ಧ, ೪, ೮ನ್ನು ಮುಕ್ಕಾಲು, ೭ನ್ನು ಪೂರ್ಣವಾಗಿ ನೋಡುತ್ತವೆ. ಜೊತೆಗೆ ೩, ೧೦ರಲ್ಲಿ ಶನಿಗೂ, ೫, ೯ರಲ್ಲಿ ಗುರುವಿಗೂ, ೪, ೮ರಲ್ಲಿ ಕುಜನಿಗೂ ಪೂರ್ಣದೃಷ್ಟಿಯುಂಟು.

ತಾಜಿಕಪದ್ಧತಿಯು ಅರಬರಿಂದ ಬಂದು ಪಶ್ಚಿಮಭಾರತದಲ್ಲಿ ಸಂಸ್ಕೃತದ ಉಡುಗೆ ತೊಟ್ಟದ್ದು. ಇದನ್ನು ನೆಲೆಗೊಳಿಸುವುದರಲ್ಲಿ ಜೈನರ ಪಾತ್ರ ಹಿರಿದು. ೧೨೪೮ರ ಸುಮಾರಿನಲ್ಲಿ ರಚಿತವಾದ ಹೇಮಪ್ರಭಸೂರಿಯ 'ತ್ರೈಲೋಕ್ಯಪ್ರಕಾಶ'ದಲ್ಲಿಯೇ ಈ ಪರಿಭಾಷೆಯ ಪರಿಚಯವಿದೆ. ೧೫೮೭ರಲ್ಲಿ ನೀಲಕಂಠನು ರಚಿಸಿದ 'ತಾಜಿಕನೀಲಕಂಠಿ'ಯಿಂದ ಅದು ದೇಶದಲ್ಲೆಲ್ಲ ಹರಡಿತು. ಈ ಪದ್ಧತಿಯಲ್ಲಿ ೫, ೯ ಹಾಗೂ ೩, ೧೧ ಮಿತ್ರದೃಷ್ಟಿಗಳು. ೪, ೧೦ ಹಾಗೂ ೧, ೭ ಶತ್ರುದೃಷ್ಟಿಗಳು. ೨, ೧೨, ೬, ೮ರಲ್ಲಿ ದೃಷ್ಟಿಯೇ ಇಲ್ಲ. ಕುಜ, ಗುರು, ಶನಿಗಳಿಗೆ ವಿಶೇಷದೃಷ್ಟಿಯೂ ಇಲ್ಲ. ಇಲ್ಲಿ ರಾಶಿಯಷ್ಟೇ ಸಾಲದು, ಭಾಗಗಳನ್ನೂ ಎಣಿಸಬೇಕು. ಪ್ರತಿಯೊಂದು ಗ್ರಹಕ್ಕೂ ದೀಪ್ತಾಂಶಗಳಿವೆ: ರವಿಗೆ ೧೫, ಚಂದ್ರನಿಗೆ ೧೨, ಕುಜನಿಗೆ ೮, ಬುಧ ಶುಕ್ರರಿಗೆ ೭, ಗುರು ಶನಿಗಳಿಗೆ ೯. ಶೀಘ್ರಗತಿಯ ಗ್ರಹವು ಕಡಿಮೆ ಭಾಗದಲ್ಲಿದ್ದು ಮಂದಗತಿಯ ಗ್ರಹವನ್ನು ಸಮೀಪಿಸುತ್ತಿದ್ದರೆ ಇತ್ಥಶಾಲ, ಕಾರ್ಯಸಿದ್ಧಿ. ದಾಟಿಹೋಗಿದ್ದರೆ ಈಸರಾಫ, ಕಾರ್ಯಹಾನಿ. ಇಬ್ಬರಿಗೂ ನೇರದೃಷ್ಟಿಯಿಲ್ಲದಿದ್ದಾಗ ಇಬ್ಬರಿಗಿಂತ ಶೀಘ್ರಗತಿಯ ಮೂರನೆಯ ಗ್ರಹ, ಬಹುಮಟ್ಟಿಗೆ ಚಂದ್ರ, ಒಬ್ಬನ ತೇಜಸ್ಸನ್ನು ಇನ್ನೊಬ್ಬನಿಗೆ ಮುಟ್ಟಿಸಿದರೆ ನಕ್ತ. ಕುಜನೋ ಶನಿಯೋ ನಡುವೆ ಶತ್ರುದೃಷ್ಟಿಯಿಂದ ಅಡ್ಡಬಂದರೆ ಮಣಊ.

ಎರಡು ಪದ್ಧತಿಗಳ ಅಂತರವನ್ನು ಒಂದು ಕಲ್ಪಿತ ಪ್ರಶ್ನಕುಂಡಲಿಯಿಂದ ತೋರಿಸಬಹುದು. ಮೇಷಲಗ್ನದಲ್ಲಿ ಸಂತಾನಪ್ರಶ್ನೆಯಾಗಿದೆ ಎಂದಿಟ್ಟುಕೊಳ್ಳೋಣ. ಲಗ್ನಾಧಿಪತಿ ಕುಜನು ಮಕರದ ೧೮ನೆಯ ಭಾಗದಲ್ಲಿ ಉಚ್ಚರಾಶಿಯಲ್ಲಿದ್ದಾನೆ. ಪಂಚಮವಾದ ಸಿಂಹಕ್ಕೆ ಅಧಿಪತಿಯಾದ ರವಿಯು ವೃಷಭದ ೧೨ನೆಯ ಭಾಗದಲ್ಲಿದ್ದಾನೆ.

ಪೃಥುಯಶಸ್ಸಿನ ಸೂತ್ರವನ್ನು ಬೃಹಜ್ಜಾತಕದ ದೃಷ್ಟಿಯೊಡನೆ ಓದಿದರೆ, ಮಕರದಿಂದ ಸಿಂಹವು ಎಂಟನೆಯದಾದುದರಿಂದ ಕ್ರೂರನಾದ ಕುಜನ ಪೂರ್ಣದೃಷ್ಟಿ ಪಂಚಮದ ಮೇಲಿದೆ, ಹಾನಿ. ಭುವನದೀಪಕದ ಕ್ರಮವು ಬೇರೆ. ಅಲ್ಲಿ ಲಗ್ನೇಶನು ಲಗ್ನವನ್ನು, ಕಾರ್ಯೇಶನು ಕಾರ್ಯಭಾವವನ್ನು ನೋಡುವುದು. ಲಗ್ನೇಶನು ಕಾರ್ಯಭಾವವನ್ನು, ಕಾರ್ಯೇಶನು ಲಗ್ನವನ್ನು ನೋಡುವುದು. ಇಬ್ಬರೂ ಪರಸ್ಪರ ನೋಡುವುದು. ಇವಕ್ಕೆ ಚಂದ್ರದೃಷ್ಟಿ ಕೂಡಿದರೆ ಪರಿಪೂರ್ಣಸಿದ್ಧಿ ಎಂದು ನಿಯಮ. ಈ ನಿಯಮದಂತೆ ಅದೇ ಕುಜನ ಅದೇ ದೃಷ್ಟಿಯು ಲಗ್ನೇಶನು ಕಾರ್ಯವನ್ನು ನೋಡುವ ದೃಷ್ಟಿ, ಅನುಕೂಲ. ಇನ್ನು ತಾಜಿಕದಲ್ಲಿ ಎಂಟನೆಯ ಸ್ಥಾನಕ್ಕೆ ದೃಷ್ಟಿಯೇ ಇಲ್ಲವಾದುದರಿಂದ ಕುಜನು ಪಂಚಮವನ್ನು ನೋಡುವುದೇ ಇಲ್ಲ. ಬದಲಾಗಿ ರವಿ ಕುಜರು ಪರಸ್ಪರ ೫, ೯ರಲ್ಲಿ ಮಿತ್ರದೃಷ್ಟಿಯಲ್ಲಿದ್ದಾರೆ. ಶೀಘ್ರಗತಿಯ ರವಿ ಆರು ಭಾಗ ಹಿಂದಿದ್ದಾನೆ. ಇಬ್ಬರ ದೀಪ್ತಾಂಶಗಳ ಮೊತ್ತದ ಅರ್ಧ ಹನ್ನೊಂದೂವರೆಯೊಳಗೆ ಅದು ಅಡಗುತ್ತದೆ. ಆದ್ದರಿಂದ ಇತ್ಥಶಾಲ, ಸಿದ್ಧಿ. ರವಿಯು ೧೨ರ ಬದಲು ೨೨ನೆಯ ಭಾಗದಲ್ಲಿದ್ದರೆ ಈಸರಾಫವಾಗಿ ಸಿದ್ಧಿಯು ಹಾನಿಯಾಗುತ್ತಿತ್ತು. ಬೃಹಜ್ಜಾತಕದ ಎಣಿಕೆಯಲ್ಲಾದರೋ ಈ ಹತ್ತು ಭಾಗಗಳ ವ್ಯತ್ಯಾಸಕ್ಕೆ ಬೆಲೆಯೇ ಇಲ್ಲ. ಎರಡೂ ಕಡೆ ಅರ್ಧದೃಷ್ಟಿಯೇ.

ಒಂದೇ ಆಕಾಶ, ಒಂದೇ ಪ್ರಶ್ನೆ. ಗ್ರಂಥವನ್ನು ಓದುವ ಕ್ರಮಕ್ಕೆ ತಕ್ಕಂತೆ ಉತ್ತರ ಬೇರೆ. ಇದರಿಂದ ದೈವಜ್ಞನು ಯಾವ ಪಾಠ ಕಲಿಯಬೇಕೆಂಬುದು ಅವನಿಗೆ ಬಿಟ್ಟದ್ದು. ಸಂಪಾದಕನ ಕರ್ತವ್ಯವಂತೂ ಸ್ಪಷ್ಟವಾಗಿದೆ. 'ದೃಷ್ಟ' ಎಂದಿರುವೆಡೆ 'ನೋಡಿದರೆ' ಎಂದಷ್ಟೇ ಅನುವಾದಿಸಿ ಮುಂದೆ ಸಾಗುವುದು ಸಾಲದು. ಯಾವ ಪದ್ಧತಿಯ ದೃಷ್ಟಿಯೆಂದು ಟಿಪ್ಪಣಿ ಕೊಡಬೇಕು. ಗ್ರಂಥದಲ್ಲಿ ಇತ್ಥಶಾಲ, ಮುಥಶಿಲ, ಕಂಬೂಲ ಮುಂತಾದ ಶಬ್ದಗಳಿದ್ದರೆ, ದೀಪ್ತಾಂಶದ ಗಣನೆಯಿದ್ದರೆ, ಅದು ತಾಜಿಕವನ್ನು ಬಲ್ಲ ಗ್ರಂಥ. ಅವು ಇಲ್ಲದ ಕಡೆ, ಅದರಲ್ಲಿಯೂ ಹದಿಮೂರನೆಯ ಶತಮಾನಕ್ಕಿಂತ ಹಿಂದಿನ ಕೃತಿಗಳಲ್ಲಿ, ಭಾಗಗಳ ಲೆಕ್ಕವನ್ನು ತುರುಕುವುದು ಕಾಲವಿರುದ್ಧ. ನೀಲಕಂಠನ ಹೆಸರಿನಲ್ಲಿ ಪ್ರಚಾರದಲ್ಲಿರುವ ಪ್ರಶ್ನತಂತ್ರದ ಅರ್ಥವನ್ನು ಎಲ್ಲ ಹಳೆಯ ಪ್ರಶ್ನಗ್ರಂಥಗಳ ಮೇಲೂ ಹೇರುವ ರೂಢಿಯನ್ನು ಈ ಕಾರಣದಿಂದ ಒಪ್ಪಲಾಗದು.

೪. ಇಲ್ಲ ಮತ್ತು ಉಂಟುಗಳ ನಡುವೆ

ಭುವನದೀಪಕಕಾರನ ವಿವೇಕವು ಎದ್ದು ಕಾಣುವುದು ಇನ್ನೊಂದು ಅಂಶದಲ್ಲಿ. ಅವನು ಸಿದ್ಧಿಯನ್ನು ಕಾಲು, ಅರ್ಧ, ಮುಕ್ಕಾಲು, ಪೂರ್ಣ ಎಂದು ಮೆಟ್ಟಿಲುಗಳಲ್ಲಿ ಹೇಳುತ್ತಾನೆ. ಲಗ್ನೇಶನ ದೃಷ್ಟಿಯಿಲ್ಲದೆ ಶುಭಗ್ರಹವೊಂದೇ ಲಗ್ನವನ್ನು ನೋಡಿದರೆ ಅದು ಪಾದಯೋಗ. ಲಗ್ನೇಶನೂ ಶುಭಗ್ರಹಗಳೂ ನೋಡಿ ಕ್ರೂರದೃಷ್ಟಿಯಿಲ್ಲದಿದ್ದರೆ ಪೂರ್ಣಯೋಗ. ಅಂದರೆ ಒಂದು ದೃಷ್ಟಿಯ ಅಭಾವದಿಂದಲೇ 'ಇಲ್ಲ' ಎಂದು ತೀರ್ಮಾನಿಸುವುದು ಈ ಗ್ರಂಥಕ್ಕೆ ಸಮ್ಮತವಲ್ಲ.

ಇದೇ ಗ್ರಂಥದಲ್ಲಿ ಚಂದ್ರನನ್ನು ಬೀಜಕ್ಕೆ, ಲಗ್ನವನ್ನು ಹೂವಿಗೆ, ನವಾಂಶವನ್ನು ಹಣ್ಣಿಗೆ, ಭಾವವನ್ನು ಹಣ್ಣಿನ ಸವಿಗೆ ಹೋಲಿಸಿದ ಪ್ರಸಿದ್ಧ ಉಪಮೆಯಿದೆ. ಇದು ಎಲ್ಲ ಪ್ರಶ್ನೆಗಳಿಗೂ ಸಲ್ಲುವ ಸಾಮಾನ್ಯ ಮಾತಾದರೂ ಸಂತಾನಪ್ರಶ್ನೆಯಲ್ಲಿ ಅದರ ಔಚಿತ್ಯ ಹೆಚ್ಚು. ಬೀಜವಿದ್ದ ಮಾತ್ರಕ್ಕೆ ಹಣ್ಣಾಗದು, ಹೂವು ಕಂಡ ಮಾತ್ರಕ್ಕೆ ಸವಿ ದೊರೆಯದು. ಪಂಚಮಭಾವವೊಂದನ್ನೇ ಹಿಡಿದು, ಅದರ ಮೇಲಿನ ಒಂದು ದೃಷ್ಟಿಯಿಂದಲೇ ಉತ್ತರ ಹೇಳುವುದು ಸವಿಯನ್ನು ಮಾತ್ರ ಕೇಳಿ ಬೀಜವನ್ನು ಮರೆತಂತೆ. ಅಲಂಕಾರಕ್ಕಾಗಿ ಬಂದ ಮಾತೆಂದು ಟೀಕಾಕಾರರು ದಾಟಿಬಿಡುವ ಈ ಉಪಮೆಯು ವಾಸ್ತವವಾಗಿ ಗ್ರಂಥದ ನಿರ್ಣಯಕ್ರಮವನ್ನೇ ಸೂಚಿಸುತ್ತದೆ ಎಂದು ನಮ್ಮ ಅಭಿಪ್ರಾಯ.

೫. 'ಬಂಜೆ' ಎಂಬ ಅನುವಾದ

ಕೊನೆಯದಾಗಿ ಅನುವಾದದ ವಿಚಾರ. ಪ್ರಶ್ನಲಗ್ನವು ಪೃಚ್ಛಕನದು, ಅದರಿಂದೆಣಿಸಿದ ಪಂಚಮವೂ ಪೃಚ್ಛಕನದೇ. ಗಂಡ ಬಂದು ಕೇಳಿದರೆ ಅದು ಗಂಡನ ಪಂಚಮ. ಅಲ್ಲಿ ದೋಷ ಕಂಡರೆ ಶಾಸ್ತ್ರವು ಹೇಳುವುದು ಪ್ರಶ್ನೆ ಕೇಳಿದವನಿಗೆ ಸಂತಾನಸಿದ್ಧಿಯಿಲ್ಲವೆಂದು. ಅವನ ಹೆಂಡತಿಯಲ್ಲಿ ಕೊರತೆಯಿದೆಯೆಂದಲ್ಲ. ಆದರೆ ಸಂತಾನವಿಲ್ಲವೆಂಬ ಸಾಮಾನ್ಯವಾಕ್ಯವು ಕನ್ನಡಕ್ಕೆ ಬರುವಾಗ 'ಬಂಜೆಯಪ್ಪಳ್' ಎಂದು ತಿರುಗುವ ಸಂಭವವಿದೆ. ಸಂಸ್ಕೃತದ 'ಅನಪತ್ಯ' ಶಬ್ದವು ಗಂಡಸಿಗೂ ಹೆಂಗಸಿಗೂ ಸಮಾನವಾಗಿ ಸಲ್ಲುತ್ತದೆ. 'ವಂಧ್ಯಾ' ಶಬ್ದದಿಂದ ಬಂದ 'ಬಂಜೆ'ಗೆ ನಮ್ಮ ಬಳಕೆಯ ಮಾತಿನಲ್ಲಿ ಪುಲ್ಲಿಂಗವೇ ಇಲ್ಲ. ಭಾಷೆಯ ಈ ಅಭಾವವು ಅನುವಾದದಲ್ಲಿ ಅಪವಾದವಾಗಿ ಪರಿಣಮಿಸುತ್ತದೆ: ಮೂಲದಲ್ಲಿ ಇಲ್ಲದ ದೋಷಾರೋಪಣೆ ಟೀಕೆಯಲ್ಲಿ ಮೂಡಿ, ಮುಂದಿನ ಓದುಗನಿಗೆ ಅದೇ ಶಾಸ್ತ್ರವಾಗುತ್ತದೆ. ಹಿಂದಿನ ಪ್ರಕರಣದಲ್ಲಿ ಪಾಠವನ್ನು ಉಳಿಸಿಕೊಟ್ಟ ಕನ್ನಡ ಟೀಕೆಯೇ ಇಲ್ಲಿ ಅರ್ಥವನ್ನು ಕೆಡಿಸಬಲ್ಲುದು. ಟೀಕೆಯನ್ನು ಸಾಕ್ಷಿಯಾಗಿ ಕರೆಯುವವನು ಸಾಕ್ಷಿಯ ಒಲವನ್ನೂ ತಿಳಿದಿರಬೇಕು.

ಪ್ರಾಚೀನರಿಗೆ ಗಂಡಸಿನ ಪಾಲು ತಿಳಿದಿರಲಿಲ್ಲವೆನ್ನುವಂತೆಯೂ ಇಲ್ಲ. ಮಂತ್ರೇಶ್ವರನ 'ಫಲದೀಪಿಕೆ'ಯಲ್ಲಿ ಪುರುಷನಿಗೆ ರವಿ, ಶುಕ್ರ, ಗುರುಗಳ ಸ್ಫುಟಗಳನ್ನು ಕೂಡಿಸಿ ಬೀಜಸ್ಫುಟವನ್ನೂ, ಸ್ತ್ರೀಗೆ ಚಂದ್ರ, ಕುಜ, ಗುರುಗಳ ಸ್ಫುಟಗಳನ್ನು ಕೂಡಿಸಿ ಕ್ಷೇತ್ರಸ್ಫುಟವನ್ನೂ ಬೇರೆ ಬೇರೆಯಾಗಿ ಪರೀಕ್ಷಿಸುವ ವಿಧಾನವಿದೆ. ಅದು ಜಾತಕದ ವಿಚಾರ, ಪ್ರಶ್ನೆಯದಲ್ಲ. ಆದರೂ ಬೀಜವನ್ನು ಪರೀಕ್ಷಿಸದೆ ಕ್ಷೇತ್ರವನ್ನು ಹಳಿಯಬಾರದೆಂಬ ತತ್ತ್ವವು ಶಾಸ್ತ್ರದೊಳಗೇ ಇತ್ತೆಂಬುದಕ್ಕೆ ಇದು ಸಾಕ್ಷಿ.

ಜೈನದೃಷ್ಟಿಯಿಂದಲೂ ಈ ವಿವೇಚನೆ ಅನಿವಾರ್ಯ. ಗ್ರಹಗಳು ಸೂಚಕಗಳೇ ಹೊರತು ಕಾರಕಗಳಲ್ಲ. ಜೀವನು ಅನುಭವಿಸುವುದು ತನ್ನ ಕರ್ಮದ ಉದಯವನ್ನು. ನಿಮಿತ್ತವನ್ನು ಹೇಳಿ ಜೀವಿಸುವುದು ಭಿಕ್ಷುವಿಗೆ ತಕ್ಕುದಲ್ಲವೆಂದು ಉತ್ತರಾಧ್ಯಯನದಲ್ಲಿ ಹೇಳಿರುವುದೂ ಪ್ರಸಿದ್ಧವಾಗಿದೆ. ಆದರೂ ಆಚಾರ್ಯರು ಈ ಗ್ರಂಥಗಳನ್ನು ಬರೆದರು, ಶ್ರಾವಕರು ಓದಿಸಿದರು. ಸೂಚಕವನ್ನು ಓದುವಲ್ಲಿ ತಪ್ಪಿದವನು, ನುಡಿಯಿಂದ ಇನ್ನೊಂದು ಜೀವಕ್ಕೆ ನೋವನ್ನುಂಟುಮಾಡಿದಾಗ, ಅದು ಹಿಂಸೆಯೇ ಎಂಬುದನ್ನು ಮರೆಯುವಂತಿಲ್ಲ.

ಆದುದರಿಂದ ಪ್ರಶ್ನಗ್ರಂಥಗಳ ಮುಂದಿನ ಸಂಪಾದನೆಗಳಲ್ಲಿ ಈ ನಾಲ್ಕು ಕ್ರಮಗಳನ್ನು ಪಾಲಿಸುವುದು ಯುಕ್ತವೆಂದು ತೋರುತ್ತದೆ: ಏಕಾರದ ಮುಂದೆ ಶುಭಾಶುಭಗಳ ಸಂದೇಹವಿರುವ ಸ್ಥಳಗಳನ್ನೆಲ್ಲ ಅಡಿಟಿಪ್ಪಣಿಯಲ್ಲಿ ಸೂಚಿಸಿ, ಅವಗ್ರಹವು ಪ್ರತಿಯದೋ ಸಂಪಾದಕನದೋ ಎಂದು ಹೇಳುವುದು, ಕನ್ನಡ ಟೀಕೆಯನ್ನು ಮೂಲದೊಡನೆ ಪೂರ್ಣವಾಗಿ ಅಚ್ಚುಮಾಡುವುದು, ದೃಷ್ಟಿಯು ಯಾವ ಪದ್ಧತಿಯದೆಂದು ಪೀಠಿಕೆಯಲ್ಲಿ ನಿರ್ಣಯಿಸುವುದು, ಅನುವಾದದಲ್ಲಿ ಮೂಲವು ಹೇಳದ ಲಿಂಗವನ್ನೂ ದೋಷವನ್ನೂ ಸೇರಿಸದಿರುವುದು. ದಿವಂಗತ ಕೆ. ಭುಜಬಲಿ ಶಾಸ್ತ್ರಿಗಳು ೧೯೪೮ರಲ್ಲಿ ಪ್ರಕಟಿಸಿದ 'ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ'ಯು ನಮ್ಮ ಓಲೆಭಂಡಾರಗಳ ದಾರಿಯನ್ನು ತೋರಿಸಿಕೊಟ್ಟಿದೆ. ಜ್ಯೋತಿಷದ ಪ್ರತಿಗಳನ್ನು ಈ ಎಚ್ಚರದಿಂದ ಒಂದೊಂದಾಗಿ ಬಿಚ್ಚಿ ನೋಡುವ ಕೆಲಸವು ತರುಣ ಸಂಶೋಧಕರನ್ನು ಕಾದಿದೆ.